ಮೈಯಳತೆಯ ಪೀಠೋಪಕರಣ

ಮಹಾನಗರದಲ್ಲಿ ಸಂಸಾರ ಹೂಡಿದವನು ಮೊಟ್ಟಮೊದಲು ಕಲಿಯುವ ವಿದ್ಯೆ ಅಳತೆಯ ವಿದ್ಯೆ. ಊರಿನ ಮನೆಯಲ್ಲಿ ಮಂಚವನ್ನು ಎಲ್ಲಿಡಬೇಕೆಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಜಗಲಿ, ಚಾವಡಿ, ಪಡಸಾಲೆ ಎಂದು ಮನೆಯೇ ಕೈಕಾಲು ಚಾಚಿಕೊಂಡಿರುತ್ತಿತ್ತು. ನಮ್ಮ ಘಾಟ್ಕೋಪರಿನಲ್ಲಿ ಹಾಗಲ್ಲ. ಪಂತನಗರದ ಹೌಸಿಂಗ್ ಬೋರ್ಡ್ ಕಟ್ಟಡಗಳ ಖೋಲಿಯಾಗಲಿ, ಅಸಲ್ಫಾ ಗುಡ್ಡದ ಚಾಳಾಗಲಿ, ಹತ್ತಡಿ ಅಗಲ ಹತ್ತಡಿ ಉದ್ದದ ಜಾಗದಲ್ಲಿ ವೃದ್ಧ ತಂದೆತಾಯಿಗಳು, ಗಂಡಹೆಂಡಿರು, ಓದುವ ಮಕ್ಕಳು, ದೇವರ ಪೀಠ, ಗ್ಯಾಸಿನ ಸಿಲಿಂಡರು ಇವೆಲ್ಲವೂ ಒಂದನ್ನೊಂದು ತಾಗದಂತೆ ಬಾಳಬೇಕು. ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿ ಅಲ್ಲಿ ಲಿಫ್ಟುಳ್ಳ ಗಗನಚುಂಬಿಗಳು ಎದ್ದ ಮೇಲೂ ಪರಿಸ್ಥಿತಿ ಅಷ್ಟೇನೂ ಬದಲಾಗಿಲ್ಲ. ಕೋಣೆಗಳ ಸಂಖ್ಯೆ ಹೆಚ್ಚಿರಬಹುದು, ಇಂಚುಗಳ ಲೆಕ್ಕ ಮಾತ್ರ ತಪ್ಪಿಲ್ಲ.

ಇಂತಹ ಮನೆಗಳಿಗೆ ನಾವು ಅಂಗಡಿಯಿಂದ ತರುವ ಸಿದ್ಧ ಪೀಠೋಪಕರಣ ಯಾರ ಅಳತೆಯದು? ಅದು ನಮ್ಮ ಕೋಣೆಯ ಅಳತೆಯದೂ ಅಲ್ಲ, ನಮ್ಮ ಮೈಯ ಅಳತೆಯದೂ ಅಲ್ಲ. ಯಾವುದೋ ಸರಾಸರಿ ಮನುಷ್ಯನಿಗಾಗಿ, ಯಾವುದೋ ಸರಾಸರಿ ಕೋಣೆಗಾಗಿ ಕಾರ್ಖಾನೆಯಲ್ಲಿ ತಯಾರಾದ ಸೋಫಾವನ್ನು ಐದಡಿ ಎತ್ತರದ ನಮ್ಮ ತಾಯಂದಿರಿಗೆ ಕೊಟ್ಟು, ಕುಳಿತುಕೊಳ್ಳಿ ಎನ್ನುತ್ತೇವೆ. ಅವರ ಬೆನ್ನು ಒರಗಿಗೆ ತಲುಪುವುದಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ. ಆರೋಗ್ಯದ ಲೇಖನಗಳ ನಡುವೆ ಬಡಗಿತನದ ಲೇಖನವೊಂದು ಏಕೆಂದು ಹುಬ್ಬೇರಿಸುವ ಓದುಗ ಮಹಾಶಯರಿಗೆ ನನ್ನ ಉತ್ತರ ಇದೇ. ಸೊಂಟ, ಮೊಣಕಾಲು, ಕುತ್ತಿಗೆ ಈ ಮೂರರ ದೂರು ಹೊತ್ತು ವೈದ್ಯರ ಬಾಗಿಲು ತಟ್ಟುವ ಅನೇಕರ ಮನೆಯಲ್ಲಿ ಕುರ್ಚಿ ಮೇಜುಗಳ ಅಳತೆಯನ್ನೂ ಒಮ್ಮೆ ನೋಡುವುದು ಒಳ್ಳೆಯದು.

ನಾನು ವೃತ್ತಿಯ ಬಡಗಿಯಲ್ಲ, ರವಿವಾರದ ಬಡಗಿ. ಆರು ದಿನ ಲೋಕಲ್ ರೈಲಿನಲ್ಲಿ ನೇತಾಡಿ, ಏಳನೆಯ ದಿನ ಗ್ಯಾಲರಿಯಲ್ಲಿ ಹಲಗೆಯೊಂದನ್ನು ಹರಡಿಕೊಂಡು ಕೂರುವವರು ಈ ಉಪನಗರದಲ್ಲಿ ನಾನೊಬ್ಬನೇ ಅಲ್ಲ. ಗರಗಸದ ಶಬ್ದ ಹಿಡಿದು ಹೊರಟರೆ ಒಂದೊಂದು ಕಟ್ಟಡದಲ್ಲಿ ಒಬ್ಬನಾದರೂ ಸಿಕ್ಕಾನು. ಇವರಿಗೆಲ್ಲ ಉಪಯೋಗವಾಗಲೆಂದೂ, ಇನ್ನೂ ಉಳಿ ಹಿಡಿಯದವರಿಗೆ ಸ್ವಲ್ಪ ಧೈರ್ಯ ಬರಲೆಂದೂ ಈ ಬರಹ.

ವೃದ್ಧರ ಕುರ್ಚಿ

ಎಲ್ಲಕ್ಕಿಂತ ಮೊದಲು ವೃದ್ಧರ ಕುರ್ಚಿಯ ವಿಚಾರವನ್ನೇ ಎತ್ತಿಕೊಳ್ಳುತ್ತೇನೆ. ಊರಿನಲ್ಲಿ ಮಣೆಯ ಮೇಲೆ ಕುಳಿತು ಉಂಡು, ಹೆರೆಮಣೆಯ ಮೇಲೆ ಕುಳಿತು ಕಾಯಿ ತುರಿದು ಅಭ್ಯಾಸವಾದವರು ಅರುವತ್ತು ದಾಟಿದ ಮೇಲೆ ಮುಂಬಯಿಗೆ ಮಗನ ಮನೆಗೆ ಬರುತ್ತಾರೆ. ಮೊಣಕಾಲು ಮಡಿಸಲಾಗದೆ ನೆಲ ಬಿಡಬೇಕಾಗುತ್ತದೆ. ಸಿಕ್ಕಿದ ಕುರ್ಚಿಯೋ ಹೊಂದುವುದಿಲ್ಲ. ಕೆಲವರು ಹಗಲೆಲ್ಲ ಮಂಚದ ಅಂಚಿನಲ್ಲಿ ಕುಳಿತೇ ಕಾಲ ಕಳೆಯುತ್ತಾರೆ. ಯಾರೂ ಎಬ್ಬಿಸದೆ ತಾವಾಗಿ ಎದ್ದು ಬಚ್ಚಲಿಗೆ ಹೋಗಿ ಬರುವ ಸ್ವಾತಂತ್ರ್ಯ ಆ ವಯಸ್ಸಿನಲ್ಲಿ ಎಷ್ಟು ದೊಡ್ಡದೆಂಬುದನ್ನು ಅವರ ಮುಖವೇ ಹೇಳುತ್ತದೆ.

ಕುರ್ಚಿಯ ಎತ್ತರವನ್ನು ಗೊತ್ತುಮಾಡಲು ಯಾವ ಪುಸ್ತಕವೂ ಬೇಡ. ಅವರನ್ನು ಗಟ್ಟಿಯಾದ ಸ್ಟೂಲಿನ ಮೇಲೆ ಕೂರಿಸಿ, ಪಾದ ನೆಲಕ್ಕೆ ಪೂರ್ತಿ ಊರಿ ತೊಡೆ ಅಡ್ಡಲಾಗಿ ಸಮವಾಗುವವರೆಗೆ ಕಾಲಡಿಗೆ ಹಳೆಯ ವೃತ್ತಪತ್ರಿಕೆಗಳ ಕಟ್ಟುಗಳನ್ನು ಸೇರಿಸಿರಿ. ಸ್ಟೂಲಿನ ಎತ್ತರದಿಂದ ಕಟ್ಟಿನ ಎತ್ತರ ಕಳೆದರೆ ಅವರ ಮೊಣಕಾಲಿನ ಅಳತೆ ಸಿಕ್ಕಿತು. ಐದಡಿ ಎತ್ತರದ ಹೆಂಗಸಿಗೆ ಇದು ಸುಮಾರು 15 ಇಂಚು ಬರುತ್ತದೆ. ಅಂಗಡಿಯ ಕುರ್ಚಿಯೋ ಸಾಮಾನ್ಯವಾಗಿ 17ರಿಂದ 18 ಇಂಚು. ಆದ್ದರಿಂದಲೇ ತೊಡೆಯ ಕೆಳಭಾಗ ಅಂಚಿಗೆ ಒತ್ತಿ, ಕಾಲು ಜೋಮು ಹಿಡಿದು, ಸಂಜೆಗೆ ಪಾದ ಊದಿಕೊಳ್ಳುವುದು.

ಹಾಗಾದರೆ ಕುರ್ಚಿಯ ಕಾಲನ್ನು ಕೊಯ್ದು 15 ಇಂಚಿಗೆ ಇಳಿಸಿಬಿಡೋಣವೇ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಕೂರಲು ತಗ್ಗು ಪೀಠ ಹಿತ, ಏಳಲು ಎತ್ತರದ ಪೀಠ ಹಿತ. ಮೊಣಕಾಲಿನ ಸಂಧಿ ಸವೆದವರಿಗೆ ಪೀಠ ತಗ್ಗಿದಷ್ಟೂ ಏಳುವಾಗಿನ ನೋವು ಹೆಚ್ಚು. ಆದುದರಿಂದ ಪೀಠವನ್ನು ಅವರ ಅಳತೆಗಿಂತ ಎರಡು ಇಂಚು ಎತ್ತರದಲ್ಲೇ ಇಟ್ಟು, ಬಹಳ ಹೊತ್ತು ಕೂರುವಾಗ ಪಾದದ ಕೆಳಗೆ ಎರಡು ಇಂಚಿನ ಹಲಗೆಯನ್ನು ಕೊಡುವುದು ಲೇಸು. ಏಳುವಾಗ ಹಲಗೆಯನ್ನು ಬದಿಗೆ ಸರಿಸಲೇಬೇಕು. ಇಲ್ಲವಾದರೆ ಅದೇ ಎಡವುಗಲ್ಲಾದೀತು. ಪೀಠದ ಆಳ ಅಂಗಡಿಯ ಸೋಫಾದಂತೆ 22 ಇಂಚು ಬೇಡ. ಬೆನ್ನು ಒರಗಿಗೆ ತಾಗಿದಾಗ ಮೊಣಕಾಲಿನ ಹಿಂಬದಿಗೂ ಪೀಠದ ಅಂಚಿಗೂ ನಡುವೆ ಮೂರು ಬೆರಳು ತೂರುವಂತಿರಬೇಕು. ಕುರ್ಚಿಯ ತೋಳುಗಳು ಪೀಠದಿಂದ ಎಂಟು ಒಂಬತ್ತು ಇಂಚು ಮೇಲಿದ್ದು, ಪೀಠದ ಮುಂಗಡೆಯ ಅಂಚಿನವರೆಗೂ ಚಾಚಿರಬೇಕು. ಅರ್ಧದಲ್ಲೇ ನಿಲ್ಲುವ ತೋಳು ನೋಡಲು ಸೊಗಸು, ಊರಿ ಏಳಲು ನಿಷ್ಪ್ರಯೋಜಕ.

ಇನ್ನೊಂದು ಸೂಕ್ಷ್ಮವುಂಟು. ಮನುಷ್ಯ ಏಳುವಾಗ ಮೊದಲು ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು, ಮೈಯ ಭಾರವನ್ನು ಪಾದಗಳ ಮೇಲೆ ತಂದು, ಆಮೇಲೆ ಮೇಲೇಳುತ್ತಾನೆ. ಕುರ್ಚಿಯ ಮುಂಗಾಲುಗಳ ನಡುವೆ ಅಡ್ಡಪಟ್ಟಿಯಿದ್ದರೆ ಪಾದ ಹಿಂದಕ್ಕೆ ಹೋಗಲಾರದು. ಆ ಪಟ್ಟಿಯನ್ನು ಕುರ್ಚಿಯ ಮಧ್ಯಕ್ಕೆ ಸರಿಸಿ ಜೋಡಿಸಿದರೆ ಬಲವೂ ಉಳಿಯುತ್ತದೆ, ಏಳುವುದೂ ಸುಲಭವಾಗುತ್ತದೆ. ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗದ ಇಂತಹ ಅನುಕೂಲ ರವಿವಾರದ ಬಡಗಿಯ ಮನೆಯಲ್ಲಿ ಸಿಗುತ್ತದೆ.

ಅಡುಗೆಮನೆಯ ಕಟ್ಟೆಯನ್ನು ಒಡೆಯಲಾಗದು. ಚಪಾತಿ ಲಟ್ಟಿಸುವ ಕಟ್ಟೆ ಮೊಣಕೈಗಿಂತ ನಾಲ್ಕಾರು ಇಂಚು ಕೆಳಗಿರುವುದು ಸರಿ. ಕಟ್ಟೆ ಎತ್ತರವಾಯಿತೆಂದು ಹೆಗಲು ನೋಯುವ ಗೃಹಿಣಿಗೆ ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಮೂರು ಇಂಚು ಎತ್ತರದ ನಿಲುಮಣೆಯೊಂದನ್ನು ಮಾಡಿಕೊಡಬಹುದು. ಓದುವ ಮಕ್ಕಳಿಗೆ ವ್ಯಾಸಪೀಠದಂತಹ ಉಪಕರಣ ಮತ್ತೊಂದಿಲ್ಲ. ಹಿರಿಯರು ಪಾರಾಯಣಕ್ಕೆಂದು ಇಟ್ಟುಕೊಂಡ ಆ ಕತ್ತರಿಯಾಕಾರದ ಪೀಠ ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಹತ್ತಿರ ತರುತ್ತದೆ, ಕುತ್ತಿಗೆ ಬಾಗುವುದು ತಪ್ಪುತ್ತದೆ. ಎರಡು ಹಲಗೆಗಳಲ್ಲಿ ಅರ್ಧರ್ಧ ಕಚ್ಚು ಹಾಕಿ ಒಂದರೊಳಗೊಂದು ತೂರಿಸಿದರೆ ಅದು ಮುಗಿಯಿತು. ಮೊದಲ ಬಾರಿ ಗರಗಸ ಹಿಡಿದವರಿಗೂ ಇದು ಎಟುಕುವ ಕೆಲಸ.

ಮರವೂ ಮುಂಬಯಿಯ ಮಳೆಯೂ

ಮರ ಸತ್ತ ಮೇಲೂ ಉಸಿರಾಡುತ್ತದೆಂದು ಬಡಗಿಗಳು ಹೇಳುವ ಮಾತು ಕೇವಲ ಅಲಂಕಾರವಲ್ಲ. ಗಾಳಿಯ ತೇವಾಂಶ ಶೇಕಡಾ 65 ಇದ್ದಾಗ ಮರದೊಳಗೆ ಅದರ ಒಣತೂಕದ ಶೇಕಡಾ 12ರಷ್ಟು ನೀರು ನಿಲ್ಲುತ್ತದೆ. ಆಷಾಢ ಶ್ರಾವಣಗಳಲ್ಲಿ ತೇವ 85ಕ್ಕೆ ಏರಿದರೆ ಅದು 18ರ ಹತ್ತಿರ ಹೋಗುತ್ತದೆ. ಈ ವ್ಯತ್ಯಾಸಕ್ಕೆ ಒಂದಡಿ ಅಗಲದ ಸಾಗವಾನಿ ಹಲಗೆ ಅಗಲದಲ್ಲಿ ಸುಮಾರು 3 ಮಿಲಿಮೀಟರ್ ಹಿಗ್ಗಬಹುದು. ಉದ್ದದಲ್ಲಿ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಜುಲೈ ತಿಂಗಳಲ್ಲಿ ಬಾಗಿಲು ಕಚ್ಚಿಕೊಳ್ಳುವುದೂ, ಬೇಸಿಗೆಯಲ್ಲಿ ಮೇಜಿನ ಹಲಗೆ ಸೀಳುವುದೂ ಇದರಿಂದಲೇ. ಅಗಲವಾದ ಹಲಗೆಯನ್ನು ನಾಲ್ಕೂ ಕಡೆ ಮೊಳೆ ಹೊಡೆದು ಬಂಧಿಸಿದರೆ ಹಿಗ್ಗಲು ಜಾಗವಿಲ್ಲದೆ ಅದು ಬಿರಿಯಲೇಬೇಕು. ಹಳೆಯ ಕಪಾಟಿನ ಬಾಗಿಲನ್ನು ಗಮನಿಸಿರಿ: ನಡುವಣ ಹಲಗೆಯನ್ನು ಚೌಕಟ್ಟಿನ ಗಾಡಿಯಲ್ಲಿ ಸಡಿಲವಾಗಿ ಕೂರಿಸಿರುತ್ತಾರೆ, ಅಂಟು ಹಾಕಿರುವುದಿಲ್ಲ. ನಮ್ಮ ಹಿರಿಯ ಬಡಗಿಗಳಿಗೆ ಶೇಕಡಾವಾರು ಲೆಕ್ಕ ತಿಳಿದಿರದೆ ಇರಬಹುದು, ಮರದ ಸ್ವಭಾವವಂತೂ ತಿಳಿದಿತ್ತು.

ಮುಂಬಯಿಯ ಹವ್ಯಾಸಿಗೆ ಇದರಿಂದ ದೊರೆಯುವ ಪಾಠ ಸರಳ. ಮಳೆಗಾಲದಲ್ಲಿ ಜೋಡಣೆಯ ಕೆಲಸ ಬೇಡ. ಮರ ಕೊಳ್ಳುವುದು ಫೆಬ್ರವರಿಯಲ್ಲಿ, ಮನೆಯೊಳಗೆ ಎರಡು ಮೂರು ವಾರ ಹಲಗೆಗಳ ನಡುವೆ ಕಡ್ಡಿಯಿಟ್ಟು ಒಣಗಿಸುವುದು, ಏಪ್ರಿಲಿನಲ್ಲಿ ಕೊಯ್ಯುವುದು. ಕಪಾಟನ್ನು ಹೊರಗೋಡೆಗೆ ಅಂಟಿಸಿ ನಿಲ್ಲಿಸದೆ ಕನಿಷ್ಠ ಒಂದಿಂಚು ಜಾಗ ಬಿಟ್ಟರೆ ಗಾಳಿ ಆಡುತ್ತದೆ, ಬೂಷ್ಟು ಹಿಡಿಯುವುದಿಲ್ಲ. ಬೂಷ್ಟು ಸೀರೆಗೆ ಮಾತ್ರ ಕೇಡಲ್ಲ, ದಮ್ಮಿನ ರೋಗಿಗಳಿಗೂ ಅದು ಶತ್ರು. ಆದರೆ ಎತ್ತರದ ಕಪಾಟನ್ನು ಮೇಲ್ತುದಿಯಲ್ಲಿ ಕಬ್ಬಿಣದ ಕೋನಪಟ್ಟಿಯಿಂದ ಗೋಡೆಗೆ ಬಿಗಿಯುವುದನ್ನು ಮರೆಯಬಾರದು. ಖಾನೆಗಳನ್ನೇ ಮೆಟ್ಟಿಲು ಮಾಡಿಕೊಂಡು ಏರುವ ಮಗುವಿನ ಮೇಲೆ ಕಪಾಟು ಮಗುಚಿದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾವ ಮರ? ಸಾಗವಾನಿಗೆ ಗೆದ್ದಲು ಸುಲಭವಾಗಿ ಬಾಯಿ ಹಾಕದು, ಆದರೆ ಬೆಲೆ ಕೇಳಿದರೆ ನಮಗೇ ಗೆದ್ದಲು ಹತ್ತಿದಂತಾಗುತ್ತದೆ. ಹಲಸು ನಮ್ಮ ಕರಾವಳಿಯ ಮನೆಗಳ ಆಪ್ತ ಮರ, ವೀಣೆಗೂ ಮೃದಂಗಕ್ಕೂ ಅದೇ ದೇಹ, ಮುಂಬಯಿಯಲ್ಲಿ ಅಪರೂಪ. ಮಾವು, ರಬ್ಬರು ಮರಗಳು ಅಗ್ಗ. ಇವುಗಳನ್ನು ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಿಂದ ಸಂಸ್ಕರಿಸದೆ ಬಳಸಿದರೆ ಹುಳು ಹಿಡಿದು ಹಿಟ್ಟು ಉದುರಿಸುತ್ತದೆ. ದೊಡ್ಡ ಮರದಂಗಡಿಗಳಿಗೆ ರೇ ರೋಡ್, ಉಪಕರಣಗಳಿಗೆ ಮಸೀದಿ ಬಂದರಿನ ನಾಗದೇವಿ ಬೀದಿ ಎಂಬುದು ಹಳೆಯ ಮುಂಬಯಿಕರರಿಗೆ ಗೊತ್ತಿರುವ ವಿಷಯವೇ.

ಆದರೆ ಎಲ್ಲಕ್ಕಿಂತ ಒಳ್ಳೆಯ ಮರ ಬಹುಶಃ ನಿಮ್ಮ ಮನೆಯಲ್ಲೇ ಇದೆ. ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗುವಾಗ, ತಾತ್ಕಾಲಿಕ ಬಾಡಿಗೆ ಮನೆಗೆ ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ, ಅಜ್ಜ ಊರಿನಿಂದ ತಂದ ಸಾಗವಾನಿ ಪೆಟ್ಟಿಗೆಯನ್ನೂ ಅಗಲವಾದ ಮಂಚವನ್ನೂ ಭಂಗಾರವಾಲಾನಿಗೆ ಕೊಟ್ಟುಬಿಡುವವರನ್ನು ಕಂಡಿದ್ದೇನೆ. ಅವನು ಕೊಡುವುದು ಕಟ್ಟಿಗೆಯ ಬೆಲೆ. ನಿಧಾನವಾಗಿ ಬೆಳೆದು ದಶಕಗಟ್ಟಲೆ ಒಣಗಿ ಹದಗೊಂಡ ಅಂತಹ ಮರ ಇಂದು ಹೊಸದಾಗಿ ಕೊಳ್ಳಲು ಸುಲಭವಾಗಿ ಸಿಗದು. ಮಂಚದ ಅಡ್ಡಪಟ್ಟಿಗಳಿಂದ ಮೇಲೆ ಹೇಳಿದ ಕುರ್ಚಿಯೇ ಎದ್ದೀತು. ಪೆಟ್ಟಿಗೆಯ ಮುಚ್ಚಳವನ್ನು ತಿರುಗಣಿ ಹಾಕಿ ಗೋಡೆಗೆ ಬಿಗಿದರೆ, ಬೇಕಾದಾಗ ಬಿಚ್ಚಿ ಬೇಡವಾದಾಗ ಮಡಚುವ ಊಟದ ಮೇಜಾಯಿತು. ಒಂದು ಎಚ್ಚರಿಕೆ: ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸಿದ ನಿಯಮ ಬಂದದ್ದು 2016ರಲ್ಲಿ. ಹಳೆಯ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸದೆ ಒದ್ದೆ ಮಾಡಿಕೊಂಡು ತೆಗೆಯಬೇಕು, ಮಕ್ಕಳನ್ನು ದೂರವಿಡಬೇಕು. ತೊಟ್ಟಿಲಾದರೆ ಇನ್ನೂ ಹೆಚ್ಚು ಎಚ್ಚರ.

ಸಾಗಣೆಯ ಪ್ಯಾಲೆಟ್ಟುಗಳ ಪೈನ್ ಮರವನ್ನು ಇತ್ತೀಚೆಗೆ ಯುವಕರು ಬಹಳ ಮೆಚ್ಚುತ್ತಾರೆ. ಅಗ್ಗವೂ ಹೌದು, ಕೊಯ್ಯಲು ಮೃದುವೂ ಹೌದು. ವಿದೇಶದಿಂದ ಬಂದ ಪ್ಯಾಲೆಟ್ಟಿನ ಮೇಲೆ ಗೋಧಿತೆನೆಯ ಗುರುತಿನ ಪಕ್ಕದಲ್ಲಿ ಎರಡು ಅಕ್ಷರಗಳನ್ನು ಸುಟ್ಟು ಒತ್ತಿರುತ್ತಾರೆ. ಎಚ್.ಟಿ. ಎಂದಿದ್ದರೆ ಕಾಯಿಸಿ ಕ್ರಿಮಿ ಕೊಂದದ್ದು, ತರಬಹುದು. ಎಂ.ಬಿ. ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷವಾಯು ಹಾಯಿಸಿದ್ದು; ಮನೆಯೊಳಗೆ ಬೇಡ. ಗುರುತಿಲ್ಲದ್ದರ ಮೇಲೆ ಯಾವ ರಸಾಯನ ಚೆಲ್ಲಿತ್ತೋ ಯಾರು ಬಲ್ಲರು?

ಪ್ಲೈವುಡ್ಡಿನ ಹಲಗೆ ಎಂಟಡಿ ಉದ್ದ ನಾಲ್ಕಡಿ ಅಗಲ. ಮುಕ್ಕಾಲು ಇಂಚು ದಪ್ಪದ್ದು 35 ಕಿಲೋ ಮೀರಿ ತೂಗುತ್ತದೆ. ಮೂರನೆಯ ಮಹಡಿಗೆ ಒಬ್ಬರೇ ಹೊತ್ತು ಸೊಂಟ ಹಿಡಿಸಿಕೊಳ್ಳುವ ಬದಲು, ಅಳತೆಯ ಚೀಟಿ ಕೊಟ್ಟು ಅಂಗಡಿಯಲ್ಲೇ ಕೊಯ್ಸಿ ತನ್ನಿರಿ. ಅದರ ಪದರಗಳನ್ನು ಹಿಡಿದಿಡುವ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ನಿಧಾನವಾಗಿ ಹೊರಬೀಳುತ್ತದೆ. ಹೊಸ ಕಪಾಟು ಬಂದ ಮನೆಯಲ್ಲಿ ಕಣ್ಣುರಿಯುವುದಕ್ಕೆ ಇದು ಒಂದು ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ವರ್ಗಕ್ಕೆ ಸೇರಿಸಿದೆ. ಕಡಿಮೆ ಅನಿಲ ಬಿಡುವ ಇ-1, ಇ-0 ದರ್ಜೆಯ ಹಲಗೆಯನ್ನೇ ಕೇಳಿ ತರಬೇಕು, ಕೊಯ್ದ ಅಂಚುಗಳನ್ನು ತೆರೆದು ಬಿಡದೆ ಪಟ್ಟಿ ಅಂಟಿಸಿ ಮುಚ್ಚಬೇಕು, ಮಗುವಿನ ಕೋಣೆಗೆ ಒಯ್ಯುವ ಮುನ್ನ ಕೆಲವು ವಾರ ಗಾಳಿಗಿಡಬೇಕು.

ಪುಸ್ತಕದ ಖಾನೆ ಮಾಡುವವರಿಗೆ ಒಂದು ಲೆಕ್ಕ. ಒಂದಡಿ ಪುಸ್ತಕ ಎಂಟು ಹತ್ತು ಕಿಲೋ ತೂಗುತ್ತದೆ. ಹಾಗೆ ಉದ್ದಕ್ಕೂ ತುಂಬಿದ ಹಲಗೆಯ ಉದ್ದ ದುಪ್ಪಟ್ಟಾದರೆ ಬಾಗು ದುಪ್ಪಟ್ಟಲ್ಲ, ಹದಿನಾರು ಪಟ್ಟು. ದಪ್ಪ ದುಪ್ಪಟ್ಟಾದರೆ ಬಾಗು ಎಂಟರಲ್ಲೊಂದು ಪಾಲು. ಆದ್ದರಿಂದ ಮುಕ್ಕಾಲು ಇಂಚಿನ ಹಲಗೆಗೆ ಎರಡೂವರೆ ಅಡಿಗೊಂದು ಆಸರೆ ಇರಲಿ.

ಉಪಕರಣ, ಅಂಟು, ಜಾಗ

ಗರಗಸ, ಅರ್ಧ ಇಂಚು ಮತ್ತು ಒಂದಿಂಚಿನ ಉಳಿ, ಕೊಡತಿ, ಮೂಲೆಮಟ್ಟ, ನಮ್ಮೂರವರು ತೋಪಡವೆಂದೂ ಇಲ್ಲಿಯವರು ರಂಧಾ ಎಂದೂ ಕರೆಯುವ ಕೀಸುವ ಉಪಕರಣ, ಒಂದು ಬೈರಿಗೆ, ನಾಲ್ಕು ಹಿಡಿಕಟ್ಟುಗಳು ಇಷ್ಟಿದ್ದರೆ ಆರಂಭಕ್ಕೆ ಸಾಕು. ಇಂಚಿನ ಎಂಟನೆಯ ಒಂದು ಪಾಲನ್ನು ಮುಂಬಯಿಯ ಮಿಸ್ತ್ರಿಗಳು ಸೂತ್ ಎನ್ನುತ್ತಾರೆ. ಅವರ ಬಳಿ ಮಾತಾಡುವಾಗ ಆ ಭಾಷೆ ಬಂದರೆ ಅರ್ಧ ಗೌರವ ಅಲ್ಲೇ ಸಿಗುತ್ತದೆ. ವಿದ್ಯುತ್ ಗರಗಸವನ್ನು ಮೊದಲ ವರ್ಷವೇ ಕೊಳ್ಳುವುದನ್ನು ನಾನು ಒಪ್ಪಲಾರೆ. ಸಣ್ಣ ಮನೆಯಲ್ಲಿ ಅದನ್ನು ಭದ್ರವಾಗಿ ನಿಲ್ಲಿಸಲು ಜಾಗವಿಲ್ಲ. ಕೈಗರಗಸ ಕೊಡುವ ವ್ಯಾಯಾಮ ಅದರಲ್ಲಿಲ್ಲ.

ಅಂಟಿನ ವಿಷಯ ಬಂದಾಗ ಮುಂಬಯಿಯ ಒಂದು ಕಥೆಯನ್ನು ಹೇಳದಿರಲಾಗದು. ಹಿಂದೆ ಬಡಗಿಗಳು ಪ್ರಾಣಿಗಳ ಚರ್ಮ ಎಲುಬುಗಳಿಂದ ಮಾಡಿದ ಮರವಜ್ರವನ್ನು ಕಾಯಿಸಿ ಬಳಸುತ್ತಿದ್ದರು. ಅದರ ದುರ್ಗಂಧವನ್ನು ಬಲ್ಲವರೇ ಬಲ್ಲರು. ಗುಜರಾತಿನ ಮಹುವಾದಿಂದ ಬಂದ ಬಲವಂತರಾಯ ಪಾರೇಖ್ ಎಂಬ ಯುವಕರು ವಕೀಲಿ ಓದಿದ್ದರೂ ಆ ವೃತ್ತಿ ಹಿಡಿಯದೆ, ಈ ನಗರದ ಮರದ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಜವಾನರಾಗಿ ದುಡಿದು, ಗೋದಾಮಿನಲ್ಲೇ ಪತ್ನಿಯೊಡನೆ ವಾಸವಾಗಿದ್ದರು. ಬಡಗಿಗಳ ಪಾಡನ್ನು ಹತ್ತಿರದಿಂದ ಕಂಡಿದ್ದ ಅವರು 1959ರಲ್ಲಿ ಕಾಯಿಸಬೇಕಾಗಿಲ್ಲದ ಬಿಳಿ ಅಂಟನ್ನು ಮಾರುಕಟ್ಟೆಗೆ ತಂದರು. ಅದೇ ಫೆವಿಕಾಲ್. ಆದರೂ ಅಂಟೊಂದನ್ನೇ ನಂಬಿ ಕುರ್ಚಿ ಮಾಡಬಾರದು. ಒಂದು ತುಂಡಿನಲ್ಲಿ ಚೌಕ ತೂತು ಕೊರೆದು, ಇನ್ನೊಂದರ ತುದಿಯನ್ನು ನಾಲಗೆಯಂತೆ ಕೆತ್ತಿ, ಬಿಗಿಯಾಗಿ ಕೂರಿಸಿ ಅಂಟು ಹಾಕಿದ ಕೀಲು ಹಲವು ದಶಕ ನಿಲ್ಲುತ್ತದೆ. ಬರಿಯ ಮೊಳೆ ಹೊಡೆದದ್ದು ಹತ್ತಾರು ಬಾರಿ ಅಲುಗಾಡಿದ ಮೇಲೆ ಸಡಿಲಾಗುತ್ತದೆ.

ಜಾಗದ ಅಭಾವವೇ ಕೆಲವೊಮ್ಮೆ ಹೊಸದನ್ನು ಹುಟ್ಟಿಸುತ್ತದೆ. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕಾರುಗಳ ವಿನ್ಯಾಸಕಾರನಾಗಿದ್ದ ರಾನ್ ಹಿಕ್‌ಮನ್ 1961ರಲ್ಲಿ ಬೀರುವೊಂದನ್ನು ಮಾಡಲು ಹೊರಟು, ಮನೆಯ ಕುರ್ಚಿಯ ಮೇಲೆ ಮರವಿಟ್ಟು ಕೊಯ್ಯುವಾಗ ಕುರ್ಚಿಯನ್ನೂ ಕೊಯ್ದುಬಿಟ್ಟ. ಆ ಪೇಚಿನಿಂದ ಹುಟ್ಟಿದ್ದು ಮಡಚುವ ಕೆಲಸದ ಮೇಜು. ಮೊದಲು ಕಂಪನಿಗಳು ಅದನ್ನು ತಿರಸ್ಕರಿಸಿದವು. ಆಮೇಲೆ ಲೋಕವೆಲ್ಲ ಕೊಂಡಿತು. ಇಟಲಿಯ ಎಂಜೊ ಮಾರಿ 1974ರಲ್ಲಿ ಬರಿಯ ಹಲಗೆ, ಮೊಳೆ, ಸುತ್ತಿಗೆಗಳಿಂದ ಯಾರೂ ಮಾಡಬಹುದಾದ ಮೇಜು ಕುರ್ಚಿ ಮಂಚಗಳ ನಕ್ಷೆಗಳನ್ನು, ಅಂಚೆವೆಚ್ಚ ಕಳುಹಿಸಿದವರಿಗೆಲ್ಲ ಹಂಚಿದ. ನಮ್ಮ ನಗರದಲ್ಲೂ ಉದಾಹರಣೆಯಿದೆ. 2013ರಲ್ಲಿ ವೈಭವ ಛಾಬ್ರಾ ಎಂಬ ಇಂಜಿನಿಯರರ ಕಚೇರಿಯ ಛಾವಣಿ ಕುಸಿದಾಗ, ಪೀಠೋಪಕರಣಗಳನ್ನು ಮತ್ತೆ ಮಾಡಿಕೊಳ್ಳಲು ಅಪರಿಚಿತರು ರಜಾದಿನಗಳಲ್ಲಿ ಬಂದು ಕೈಜೋಡಿಸಿದರು. ಅದೇ ಮುಂದೆ ಮೇಕರ್ಸ್ ಅಸೈಲಮ್ ಎಂಬ ಸಾಮೂಹಿಕ ಕಾರ್ಯಾಗಾರವಾಗಿ ಬೆಳೆದು, ಕೆಲವು ವರ್ಷಗಳ ನಂತರ ಗೋವೆಗೆ ಹೋಯಿತು. ಇನ್ನೂ ಹಿಂದಕ್ಕೆ ಹೋದರೆ, 1910ರಲ್ಲಿ ಜೋಹಾನ್ಸ್‌ಬರ್ಗಿನ ಬಳಿ ಗಾಂಧೀಜಿ ಕಟ್ಟಿದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಬೆಂಚು ಪೆಟ್ಟಿಗೆಗಳೆಲ್ಲ ಆಶ್ರಮವಾಸಿಗಳ ಕೈಯಿಂದಲೇ ಆದವು. ಮುಂದಾಳು, ವಾಸ್ತುಶಿಲ್ಪಿಯಾಗಿದ್ದ ಕಾಲೆನ್‌ಬಾಕ್. ಕೈಕೆಲಸ ಓದಿದವನಿಗೆ ತಕ್ಕುದಲ್ಲವೆಂಬ ನಮ್ಮ ಮಧ್ಯಮವರ್ಗದ ಬಿಂಕ ಇದನ್ನು ಕೇಳಿಯಾದರೂ ಸ್ವಲ್ಪ ಇಳಿಯಬಹುದು.

ಧೂಳು, ಶಬ್ದ, ಬೆರಳು

ಮರದ ಧೂಳನ್ನು ನಾವು ಹಗುರವಾಗಿ ಕಾಣುತ್ತೇವೆ, ಅದು ಹಾಗಲ್ಲ. ಇಂಗ್ಲೆಂಡಿನ ಹೈ ವಿಕಂಬ್ ಎಂಬ ಪಟ್ಟಣ ಕುರ್ಚಿಗಳಿಗೆ ಪ್ರಸಿದ್ಧ. 1960ರ ದಶಕದಲ್ಲಿ ಅಲ್ಲಿಯ ಕಿವಿಮೂಗುಗಂಟಲಿನ ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಮತ್ತು ಸಹೋದ್ಯೋಗಿಗಳು, ಬಹಳ ಅಪರೂಪದ ಒಂದು ಮೂಗಿನ ಕ್ಯಾನ್ಸರ್ ಪೀಠೋಪಕರಣ ಕಾರ್ಮಿಕರಲ್ಲಿ ಪದೇ ಪದೇ ಕಾಣುತ್ತಿರುವುದನ್ನು ಗುರುತಿಸಿದರು. 1995ರಲ್ಲಿ ಮರದ ಧೂಳನ್ನು ಅಧಿಕೃತವಾಗಿ ಕ್ಯಾನ್ಸರ್‌ಕಾರಕವೆಂದು ಸಾರಲಾಯಿತು. ಅವರೆಲ್ಲ ವರ್ಷಾನುಗಟ್ಟಲೆ ದಿನವಿಡೀ ಧೂಳು ಕುಡಿದವರು. ವಾರಕ್ಕೆರಡು ಗಂಟೆಯ ಹವ್ಯಾಸಿಗೆ ಅಂತಹ ಭಯ ಬಹಳ ಕಡಿಮೆ. ಆದರೆ ದಮ್ಮು, ನೆಗಡಿ, ಚರ್ಮದ ತುರಿಕೆ ಇವುಗಳಿಗೆ ಅಷ್ಟು ಕಾಲ ಬೇಕಾಗಿಲ್ಲ. ಬೀಟೆ ಮತ್ತು ಸಾಗವಾನಿಯ ಧೂಳು ಕೆಲವರ ಮೈಗೆ ಆಗುವುದೇ ಇಲ್ಲ. ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಮಹಾಮಾರಿಯ ಕಾಲದಲ್ಲಿ ಎಲ್ಲರೂ ಪರಿಚಯ ಮಾಡಿಕೊಂಡ ಎನ್-95 ಮುಖಗವಸೇ ಬೇಕು. ಮರಳು ಕಾಗದ ಉಜ್ಜುವುದನ್ನು ಗ್ಯಾಲರಿಯಲ್ಲಿ ಮಾಡಿ, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರಸಬೇಕು. ಒಂದೇ ಖೋಲಿಯ ಮನೆಯಲ್ಲಿ ಎದ್ದ ಧೂಳು ಅಜ್ಜಿಯ ಹಾಸಿಗೆಯ ಮೇಲೇ ಇಳಿಯುತ್ತದೆ.

ವಿದ್ಯುತ್ ಗರಗಸದ ಶಬ್ದ 100 ಡೆಸಿಬೆಲ್ ಮುಟ್ಟಬಲ್ಲುದು. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಾಳಬಹುದೆಂದು ತಜ್ಞರ ಲೆಕ್ಕ. ಅದೇ ಲೆಕ್ಕದಲ್ಲಿ 100ಕ್ಕೆ ಸಿಗುವುದು 15 ನಿಮಿಷ ಮಾತ್ರ. ಕಿವಿಗೆ ಬೆಣೆ ಇರಲಿ. ನೆರೆಯವರ ಕಿವಿಯೂ ಕಿವಿಯೇ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕೈ ತಡೆದರೆ ಸೊಸಾಯಿಟಿಯ ಕಾರ್ಯದರ್ಶಿಗಳು ಸ್ನೇಹಿತರಾಗಿಯೇ ಉಳಿಯುತ್ತಾರೆ.

ಉಳಿಯಿಂದ ಆಗುವ ಗಾಯಗಳಿಗೆ ಮುಖ್ಯ ಕಾರಣ, ಒಂದು ಕೈಯಲ್ಲಿ ಮರ ಹಿಡಿದು ಇನ್ನೊಂದರಿಂದ ಆ ಕೈಯ ಕಡೆಗೇ ತಳ್ಳುವುದು. ಮರವನ್ನು ಹಿಡಿಕಟ್ಟಿನಿಂದ ಬಿಗಿದು, ಎರಡೂ ಕೈಗಳು ಉಳಿಯ ಅಲಗಿನ ಹಿಂದೆಯೇ ಇರುವಂತೆ ನೋಡಿಕೊಳ್ಳಿರಿ. ಮೊಂಡಾದ ಉಳಿ ಹರಿತವಾದುದಕ್ಕಿಂತ ಅಪಾಯ, ಏಕೆಂದರೆ ಬಲ ಹೆಚ್ಚು ಹಾಕಬೇಕಾಗುತ್ತದೆ. ಜಾರಿದಾಗ ಆ ಬಲವೆಲ್ಲ ಕೈಯ ಮೇಲೆ. ದೈವವಶಾತ್ ಬೆರಳೇ ತುಂಡಾದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎತ್ತರಿಸಿಡಬೇಕು. ತುಂಡನ್ನು ತೇವದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ಮಂಜುಗಡ್ಡೆ ತುಂಡಿಗೆ ನೇರವಾಗಿ ತಾಗಕೂಡದು. ತಡಮಾಡದೆ ಶಸ್ತ್ರಚಿಕಿತ್ಸೆಯ ಸೌಲಭ್ಯವುಳ್ಳ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಸಣ್ಣ ಗಾಯವಾದರೂ ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿದೆಯೆಂದು ವಿಚಾರಿಸಿಕೊಳ್ಳಬೇಕು.

ಕೊನೆಯ ಅಪಾಯ ಬೆಂಕಿಯದು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶನ್ನು ಗ್ಯಾಸ್ ಒಲೆಯ ಸಮೀಪ ಬಳಸಬಾರದೆಂಬುದು ಎಲ್ಲರಿಗೂ ಗೊತ್ತು. ಅಗಸೆ ಎಣ್ಣೆಯ ಸಂಗತಿ ಹಲವರಿಗೆ ತಿಳಿಯದು. ಅದನ್ನು ಹಚ್ಚಿದ ಚಿಂದಿಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ, ಎಣ್ಣೆ ಒಣಗುವಾಗಿನ ಕಾವು ಒಳಗೇ ಕೂಡಿಕೊಂಡು ತಾನಾಗಿಯೇ ಹೊತ್ತಿಕೊಳ್ಳಬಹುದು. ಚಿಂದಿಯನ್ನು ನೀರಿನಲ್ಲಿ ನೆನೆಸಿಡಿರಿ, ಇಲ್ಲವೇ ಹೊರಗೆ ಬಿಡಿಸಿ ಹರವಿ ಒಣಗಿಸಿರಿ.

ಹವ್ಯಾಸಿಯು ಬಡಗಿಯ ಅನ್ನಕ್ಕೆ ಕೈಹಾಕಿದನೆಂದು ಯಾರಾದರೂ ಆಕ್ಷೇಪಿಸಬಹುದು. ನನಗೆ ಹಾಗನಿಸಿಲ್ಲ. ಒಂದು ಕುರ್ಚಿಗೆ ಆರು ರವಿವಾರ ಕಳೆದವನು ಮುಂದೆಂದೂ ರಾಜಸ್ಥಾನದ ಸುತಾರನ ಬಳಿಯಾಗಲಿ ಉತ್ತರ ಪ್ರದೇಶದ ಮಿಸ್ತ್ರಿಯ ಬಳಿಯಾಗಲಿ ಕೂಲಿಗೆ ಚೌಕಾಶಿ ಮಾಡಲಾರ. ಘಾಟ್ಕೋಪರಿನಲ್ಲಿ ಕಲಿಯಲು ನೆರೆಹೊರೆಯೇ ಪಾಠಶಾಲೆ. ನಮ್ಮ ಗುಜರಾತಿ ಬಂಧುಗಳ ಮನೆಯ ತೂಗುಮಣೆಯನ್ನು ನೋಡಿರಿ, ಸಂಖೇಡಾದ ಅರಗುಬಣ್ಣದ ಕುರ್ಚಿಗಳನ್ನು ನೋಡಿರಿ. ಕಡೆತಯಂತ್ರದ ಮೇಲೆ ತಿರುಗುವ ಮರಕ್ಕೆ ಅರಗು ಹಚ್ಚುವ ಅದೇ ಕೌಶಲ ನಮ್ಮ ಚನ್ನಪಟ್ಟಣದ ಗೊಂಬೆಗಳಲ್ಲೂ ಇದೆ. ಪಕ್ಕದ ವಿಕ್ರೋಲಿಯ ಗೋದ್ರೇಜ್ ಸಂಸ್ಥೆ ಉಕ್ಕಿನ ಕಪಾಟು ಮಾಡತೊಡಗಿದ್ದು 1923ರಲ್ಲಿ. ಆಮೇಲೆ ಮದುವೆಯ ಉಡುಗೊರೆಯಲ್ಲಿ ಮರದ ಬೀರು ಹಿಂದೆ ಸರಿಯಿತೆನ್ನಿ.

ದೊಡ್ಡ ಕೆಲಸಕ್ಕೆ ಧೈರ್ಯ ಸಾಲದವರು ಈ ವರ್ಷ ಚೆನ್ನೆಮಣೆಯಿಂದ ಆರಂಭಿಸಬಹುದು. ತುಳುನಾಡಿನ ಮನೆಗಳಲ್ಲಿ ಆಟಿ ತಿಂಗಳ ಬಿಡದ ಮಳೆಯಲ್ಲಿ ಆಡುತ್ತಿದ್ದ, ಘಟ್ಟದ ಮೇಲಿನವರು ಅಳಗುಳಿಮಣೆ ಎನ್ನುವ ಆಟದ ಹಲಗೆ ಅದು. ಎರಡಡಿ ಉದ್ದ, ಏಳು ಇಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆ ಸಾಕು. ಸಾಲಿಗೆ ಏಳರಂತೆ ಎರಡು ಸಾಲು ಕುಳಿಗಳನ್ನು ಕೈವಾರದಿಂದ ಬರೆದು, ಬಾಗಿದ ಬಾಯಿಯ ಉಳಿಯಿಂದ ಅಂಚಿನಿಂದ ನಡುವಿಗೆ ತೋಡುತ್ತ ಹೋಗಬೇಕು. ಕುಳಿಯ ಆಳ ಮುಕ್ಕಾಲು ಇಂಚು ಇದ್ದರೆ ಮಕ್ಕಳ ಬೆರಳಿಗೆ ಹುಣಿಸೆ ಬೀಜ ಸುಲಭವಾಗಿ ಸಿಗುತ್ತದೆ. ಕುಳಿಗೆ ನಾಲ್ಕರಂತೆ 56 ಬೀಜ ಎಣಿಸಿಡಬೇಕು. ಏಪ್ರಿಲಿನಲ್ಲಿ ಹಲಗೆ ತಂದರೆ ಮಳೆ ಹಿಡಿಯುವುದರೊಳಗೆ ಆಟಕ್ಕೆ ಸಿದ್ಧ.